ದೂರದೇಶದ ಮಗುವನ್ನು ನೋಡಲು ಹೊರಟವರಿಗೆ

ಎಲ್ಲರಿಗೂ ನಮಸ್ಕಾರ. ಹೊರದೇಶದ ಮಗುವನ್ನು ದತ್ತು ಪಡೆಯಲು ಹೊರಟು ಇಲ್ಲಿ ಕೂತಿರುವ ನಿಮ್ಮಲ್ಲಿ ಕೆಲವರ ಫೋನಿನಲ್ಲಿ ಈಗಾಗಲೇ ಒಂದು ಮಗುವಿನ ಫೋಟೋ ಇದೆ ಅಂತ ಗೊತ್ತು. ಇನ್ನು ಕೆಲವರ ಅರ್ಜಿ ಯಾವುದೋ ಟೇಬಲ್ ಮೇಲೆ ಕೂತಿದೆ. ಅರ್ಜಿ ತುಂಬುವುದು ಹೇಗೆ ಅಂತ ನಾನು ಹೇಳುವುದಿಲ್ಲ, ಅದನ್ನು ನಿಮ್ಮ ಏಜೆನ್ಸಿಯವರು ಬೇಕಾದಷ್ಟು ಹೇಳಿರುತ್ತಾರೆ. ವಿಮಾನ ಇಳಿದು ಆ ಮಗುವಿನ ಎದುರು ನಿಂತಾಗ ಏನಾಗುತ್ತದೆ, ಅದಕ್ಕೆ ತಯಾರಾಗುವುದು ಹೇಗೆ, ಇವತ್ತಿನ ಮಾತು ಅಷ್ಟೇ.

ನೀವು ಮಗುವನ್ನು ನೋಡಲು ಹೋಗುತ್ತೀರಿ, ಸರಿ. ಆದರೆ ಮಗುವಿಗೆ ನಿಮ್ಮನ್ನು ನೋಡಲು ಸಮಯ ಸಿಗಬೇಕು, ಈ ಪ್ರಯಾಣದ ಮುಖ್ಯ ಕೆಲಸ ಅದು ಅಂತ ನನ್ನ ನಂಬಿಕೆ. ನೀವು ತಿಂಗಳುಗಟ್ಟಲೆ ಆ ಫೋಟೋ ನೋಡಿದ್ದೀರಿ, ಮನಸ್ಸಿನಲ್ಲೇ ಮಾತಾಡಿಸಿದ್ದೀರಿ, ಮಂಚ ಹಾಸಿಗೆ ಎಲ್ಲ ತಂದಿಟ್ಟಿದ್ದೀರಿ. ಮಗುವಿಗೆ ಇದ್ಯಾವುದೂ ಗೊತ್ತಿಲ್ಲ. ಯಾರೋ ಇಬ್ಬರು ಒಂದು ದಿನ ಬಾಗಿಲಲ್ಲಿ ನಿಂತಿದ್ದಾರೆ, ಗೊತ್ತಿಲ್ಲದ ಭಾಷೆಯಲ್ಲಿ ಮಾತಾಡುತ್ತಾರೆ, ಅವರಲ್ಲಿ ಒಬ್ಬರು ಅಳುತ್ತಿದ್ದಾರೆ. ಹೆದರದೆ ಇನ್ನೇನು ಮಾಡಬೇಕು ಹೇಳಿ?

ಕೆಲವರು ಕೇಳುತ್ತಾರೆ, ಮೊದಲು ಹೋಗಿ ಒಂದೆರಡು ಅನಾಥಾಲಯ ನೋಡಿಕೊಂಡು ಬರಬಹುದಲ್ವಾ ಅಂತ. ಆಗುವುದಿಲ್ಲ, ಆಗಬಾರದು ಕೂಡ. ಒಂದು ದೇಶದ ಮಗು ಇನ್ನೊಂದು ದೇಶಕ್ಕೆ ದತ್ತು ಹೋಗುವುದಕ್ಕೆ ನಿಯಮ ಹಾಕಿದ 1993ರ ಹೇಗ್ ಒಪ್ಪಂದವನ್ನು ಒಪ್ಪಿದ ದೇಶಗಳಲ್ಲಿ, ಆ ಮಗು ದತ್ತು ಹೋಗಬಹುದು, ಸ್ವದೇಶದಲ್ಲಿ ಕುಟುಂಬ ಸಿಗುತ್ತದೆಯೇ ಅಂತ ನೋಡಿಯಾಗಿದೆ, ಹೆತ್ತವರು ದುಡ್ಡಿನ ಆಸೆಗಲ್ಲದೆ ಸ್ವಂತ ಮನಸ್ಸಿನಿಂದ ಒಪ್ಪಿದ್ದಾರೆ, ನೀವೂ ದತ್ತು ಪಡೆಯಲು ಯೋಗ್ಯರು ಅಂತ ತೀರ್ಮಾನ ಆಗುವವರೆಗೆ, ನೀವು ಆ ಮಗುವಿನ ಹೆತ್ತವರನ್ನಾಗಲಿ ಸಾಕುತ್ತಿರುವವರನ್ನಾಗಲಿ ಸಂಪರ್ಕಿಸುವ ಹಾಗಿಲ್ಲ. ಸಂಬಂಧಿಕರೊಳಗಿನ ದತ್ತು ಮತ್ತು ಅಧಿಕಾರಿಗಳು ಷರತ್ತು ಹಾಕಿ ಒಪ್ಪಿದ ಭೇಟಿ, ಇವೆರಡಕ್ಕೆ ಮಾತ್ರ ವಿನಾಯಿತಿ. ತಾಯಿಯ ಒಪ್ಪಿಗೆಯನ್ನು ಹೆರಿಗೆಗೆ ಮೊದಲು ಪಡೆಯುವಂತಿಲ್ಲ. ಇದೆಲ್ಲ ಕಿರಿಕಿರಿ ಅನಿಸಬಹುದು. ಆದರೆ ದಕ್ಷಿಣ ಕೊರಿಯಾದ ಸತ್ಯಶೋಧನಾ ಆಯೋಗ 2025ರಲ್ಲಿ ಏನು ಹೇಳಿತು ಗೊತ್ತಲ್ಲ. ಅಪ್ಪ ಅಮ್ಮ ಬದುಕಿದ್ದ ಮಕ್ಕಳನ್ನೂ ಅನಾಥರು ಅಂತ ದಾಖಲಿಸಿ ಹೊರದೇಶಕ್ಕೆ ಕಳಿಸಿದ್ದರು, ಕೆಲವು ಮಕ್ಕಳ ಗುರುತನ್ನೇ ಅದಲುಬದಲು ಮಾಡಿದ್ದರು. ಆ ಮಕ್ಕಳಿಗೆ ಈಗ ನಲವತ್ತು ಐವತ್ತು ವಯಸ್ಸು, ಇನ್ನೂ ತಮ್ಮವರನ್ನು ಹುಡುಕುತ್ತಿದ್ದಾರೆ. ಹಾಗಾಗಿ ಯಾರಾದರೂ "ಸ್ವಲ್ಪ ಜಾಸ್ತಿ ಕೊಟ್ಟರೆ ಬೇಗ ಮಾಡಿಸಿಕೊಡುತ್ತೇವೆ" ಅಂದರೆ ಅಲ್ಲಿಂದ ಎದ್ದು ಬನ್ನಿ.

ಪ್ರಯಾಣದ ಲೆಕ್ಕ ದೇಶದಿಂದ ದೇಶಕ್ಕೆ ಬೇರೆ. ಬಲ್ಗೇರಿಯಾಕ್ಕೆ ಎರಡು ಸಲ ಹೋಗಬೇಕು, ಮೊದಲ ಸಲ ಮಗುವಿನ ಜೊತೆ ಕನಿಷ್ಠ 5 ದಿನ ಕಳೆದು ಬರಿಗೈಯಲ್ಲಿ ವಾಪಸ್ ಬರಬೇಕು, ಕಾಗದಪತ್ರ ಮುಗಿದ ಮೇಲೆ ಮತ್ತೆ ಹೋಗಬೇಕು. ಕೊಲಂಬಿಯಾದಲ್ಲಿ ಭೇಟಿಯಾದ ಮೇಲೆ ಮಗು ನಿಮ್ಮ ಜೊತೆಗೇ ಇರುತ್ತದೆ, ಕೋರ್ಟಿನ ತೀರ್ಪು ಬರುವವರೆಗೆ ನೀವು ಅಲ್ಲೇ ವಾರಗಟ್ಟಲೆ ಮನೆ ಮಾಡಿಕೊಂಡಿರಬೇಕು. ಎರಡರಲ್ಲಿ ಯಾವುದು ಸುಲಭ ಅಂತ ಕೇಳಬೇಡಿ. ಬಾಗಿಲು ಮುಚ್ಚುವುದೂ ಉಂಟು. ರಷ್ಯಾ 2013ರ ಜನವರಿಯಿಂದ ಅಮೆರಿಕದವರಿಗೆ ದತ್ತು ಕೊಡುವುದನ್ನು ನಿಲ್ಲಿಸಿದಾಗ, ಮಕ್ಕಳನ್ನು ಆಗಲೇ ಕಂಡು ಬಂದಿದ್ದ ಎಷ್ಟೋ ಕುಟುಂಬಗಳು ಅಲ್ಲಿಗೇ ನಿಂತುಹೋದವು. ಇಥಿಯೋಪಿಯಾ 2018ರಲ್ಲಿ ನಿಲ್ಲಿಸಿತು. ಚೀನಾ 2024ರಲ್ಲಿ, ಹತ್ತಿರದ ಸಂಬಂಧಿಕರನ್ನು ಬಿಟ್ಟು ಉಳಿದವರಿಗೆಲ್ಲ ನಿಲ್ಲಿಸಿತು. ಅದಕ್ಕೇ ಹೇಳುವುದು, ತೀರ್ಪು ಕೈಗೆ ಬರುವವರೆಗೆ ಮಗುವಿಗೆ ಯಾವ ಮಾತೂ ಕೊಡಬೇಡಿ. "ಮತ್ತೆ ಬರಲು ಪ್ರಯತ್ನ ಮಾಡುತ್ತೇವೆ" ಅನ್ನಿ. "ಕರೆದುಕೊಂಡು ಹೋಗೇ ಹೋಗುತ್ತೇವೆ" ಅನ್ನಬೇಡಿ. ಫೋಟೋನೂ ಎಲ್ಲೂ ಹಾಕಬೇಡಿ, ಅದು ಇನ್ನೂ ನಿಮ್ಮ ಮಗು ಅಲ್ಲ.

ಈಗ ಆ ಮೊದಲ ಗಂಟೆ. ಕೋಣೆಯಲ್ಲಿ ನಿರ್ದೇಶಕರು, ದುಭಾಷಿ, ಆಯಾ, ಕೆಲವೊಮ್ಮೆ ಒಬ್ಬ ಸಮಾಜ ಕಾರ್ಯಕರ್ತೆ, ಎಲ್ಲರೂ ನಿಮ್ಮನ್ನೇ ನೋಡುತ್ತಿರುತ್ತಾರೆ. ಮಗುವಿಗೆ ಚೆಂದದ ಬಟ್ಟೆ ಹಾಕಿ, ತಲೆ ಬಾಚಿ ತಂದು ನಿಲ್ಲಿಸಿ "ಹೋಗು, ಅಮ್ಮನ ಹತ್ತಿರ ಹೋಗು" ಅಂತ ಬೆನ್ನು ತಳ್ಳುತ್ತಾರೆ. ಅವರದೇನೂ ತಪ್ಪಿಲ್ಲ, ನಿಮಗೆ ಖುಷಿ ಆಗಲಿ ಅಂತ ಹಾಗೆ ಮಾಡುತ್ತಾರೆ. ನೀವು ಕೈ ಚಾಚಬೇಡಿ. ನೆಲದ ಮೇಲೆ ಕೂತುಬಿಡಿ. ಒಂದು ಚೆಂಡೋ, ಸೋಪಿನ ಗುಳ್ಳೆ ಊದುವ ಡಬ್ಬಿಯೋ ತೆಗೆದು ನಿಮ್ಮ ಪಾಡಿಗೆ ಆಡುತ್ತಿರಿ. ಮಗುವನ್ನು ದಿಟ್ಟಿಸಬೇಡಿ. ಅರ್ಧ ಗಂಟೆ ಏನೂ ಆಗದೇ ಇರಬಹುದು, ಇಡೀ ದಿನ ಏನೂ ಆಗದೇ ಇರಬಹುದು. ಸುಮ್ನೆ ಇರುವುದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಗುತ್ತದೆ.

ಅತ್ತರೆ, ಆಯಾಳ ಸೆರಗಿಗೆ ಜೋತುಬಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ನನ್ನ ಕೇಳಿದರೆ ಅದು ಒಳ್ಳೆಯ ಸುದ್ದಿ. ಆ ಮಗು ಯಾರನ್ನೋ ಹಚ್ಚಿಕೊಂಡಿದೆ, ಅಂದರೆ ಹಚ್ಚಿಕೊಳ್ಳುವುದು ಅದಕ್ಕೆ ಗೊತ್ತು. ನೋಡಿದ ಕೂಡಲೇ ಓಡಿಬಂದು ತೊಡೆ ಏರಿ ಕುತ್ತಿಗೆ ತಬ್ಬಿದರೆ ಮಾತ್ರ, ಖುಷಿಪಡಿ, ಆದರೆ ಒಂದು ಕಣ್ಣು ಇಟ್ಟಿರಿ. ರೊಮೇನಿಯಾದ ಅನಾಥಾಲಯಗಳಿಂದ ಬ್ರಿಟನ್ನಿಗೆ ದತ್ತು ಹೋದ ಮಕ್ಕಳನ್ನು ಅಲ್ಲಿನ ಮಕ್ಕಳ ಮನೋವೈದ್ಯ ಮೈಕಲ್ ರಟ್ಟರ್ ಮತ್ತು ಅವರ ತಂಡ ವರ್ಷಾನುಗಟ್ಟಲೆ ಗಮನಿಸಿತು. 6 ತಿಂಗಳು ತುಂಬುವ ಮೊದಲೇ ಅಲ್ಲಿಂದ ಹೊರಬಂದವರು ಹೆಚ್ಚಿನಂಶ ಬೇರೆ ಮಕ್ಕಳ ಹಾಗೇ ಬೆಳೆದರು. ಅದಕ್ಕಿಂತ ಜಾಸ್ತಿ ಕಾಲ ಇದ್ದವರಲ್ಲಿ ಕೆಲವರು, ಕಂಡಕಂಡವರ ಜೊತೆ ಹಿಂದೆಮುಂದೆ ನೋಡದೆ ಹೋಗಿಬಿಡುವ ಸ್ವಭಾವವನ್ನು ದೊಡ್ಡವರಾದ ಮೇಲೂ ಬಿಡಲಿಲ್ಲ.

ಮಗು ವಯಸ್ಸಿಗಿಂತ ಚಿಕ್ಕದಾಗಿ ಕಾಣುತ್ತದೆ, ಅದಕ್ಕೂ ತಯಾರಿರಿ. ಸಂಸ್ಥೆಯಲ್ಲಿ ಕಳೆದ ಪ್ರತಿ 3 ತಿಂಗಳಿಗೆ ಸುಮಾರು 1 ತಿಂಗಳ ಎತ್ತರ ಹಿಂದೆ ಬೀಳುತ್ತದೆ ಅಂತ ಈ ಮಕ್ಕಳನ್ನು ನೋಡುವ ವೈದ್ಯರು ಅಂದಾಜು ಹಾಕುತ್ತಾರೆ. ಮನೆ ಸಿಕ್ಕ ಮೇಲೆ ಅದರಲ್ಲಿ ಬಹಳಷ್ಟು ತುಂಬಿಕೊಳ್ಳುತ್ತದೆ. ಎತ್ತರ, ತೂಕ, ತಲೆಯ ಸುತ್ತಳತೆ, ಈ ಮೂರೂ ಹುಟ್ಟಿನಿಂದ ಇಲ್ಲಿಯವರೆಗೆ ಎಷ್ಟೆಷ್ಟಿತ್ತು ಅಂತ ಬರೆದುಕೊಂಡು ಬನ್ನಿ. ಅನುಮತಿ ಕೊಟ್ಟರೆ ಮಗು ನಡೆಯುವುದು, ಆಡುವುದು, ಚಮಚ ಹಿಡಿಯುವುದನ್ನು ವಿಡಿಯೋ ಮಾಡಿ ನಿಮ್ಮ ವೈದ್ಯರಿಗೆ ಕಳಿಸಿ.

ಆದರೆ ನಿರ್ದೇಶಕರ ಫೈಲಿಗಿಂತ ಜಾಸ್ತಿ ವಿಷಯ ಆಯಾಳ ಹತ್ತಿರ ಇರುತ್ತದೆ. ದುಭಾಷಿಯನ್ನು ಪಕ್ಕಕ್ಕೆ ಕರೆದು ಆಕೆಯ ಜೊತೆ ಕೂರಿ. ಯಾವ ಹಾಡಿಗೆ ಮಲಗುತ್ತದೆ, ದೀಪ ಬೇಕೋ ಬೇಡವೋ, ಹಸಿವಾದರೆ, ಉಚ್ಚೆ ಬಂದರೆ ಏನಂತ ಹೇಳುತ್ತದೆ, ಯಾರ ಜೊತೆ ಜಗಳ, ಯಾರ ಜೊತೆ ದೋಸ್ತಿ, ಎಲ್ಲ ಕೇಳಿ. ಆಕೆಯ ದನಿಯಲ್ಲೇ ಹಾಡನ್ನು ರೆಕಾರ್ಡ್ ಮಾಡಿಕೊಳ್ಳಿ. ಮಗುವಿನ ಹಳೇ ಬಟ್ಟೆ ಕೊಟ್ಟರೆ ಒಗೆಯದೇ ತನ್ನಿ, ಹೊಸ ಮನೆಯಲ್ಲಿ ಪರಿಚಯದ ವಾಸನೆ ಅಂತ ಇರುವುದು ಅದೊಂದೇ. ಆಕೆಗೆ ಒಂದು ಥ್ಯಾಂಕ್ಸ್ ಹೇಳಿ. ಆಕೆಯೂ ಮಗುವನ್ನು ಕಳೆದುಕೊಳ್ಳುತ್ತಿದ್ದಾಳೆ, ಅವಳನ್ನು ಸಮಾಧಾನ ಮಾಡುವವರು ಯಾರೂ ಇರುವುದಿಲ್ಲ.

ಕೊನೆಗೆ, ಯಾರೂ ಬಾಯಿಬಿಟ್ಟು ಕೇಳದ ಒಂದು ಪ್ರಶ್ನೆ ಇದೆ. ಅಲ್ಲಿ ಹೋದ ಮೇಲೆ "ನಮ್ಮಿಂದ ಆಗುವುದಿಲ್ಲ" ಅನಿಸಿದರೆ? ಮಗುವಿಗೆ ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಚಿಕಿತ್ಸೆ ಬೇಕು ಅಂತ ಗೊತ್ತಾದರೆ? ಮೊದಲ ರಾತ್ರಿಯ ಗಾಬರಿಗೆ ಏನೂ ನಿರ್ಧಾರ ಮಾಡಬೇಡಿ, ಅದು ಎಲ್ಲರಿಗೂ ಆಗುತ್ತದೆ. ನಿದ್ದೆ ಮಾಡಿ, ವೈದ್ಯರಿಗೆ ಫೋನ್ ಮಾಡಿ, ಗಂಡ ಹೆಂಡತಿ ಮಗುವಿನಿಂದ ದೂರ ಕೂತು ಮಾತಾಡಿ. ಆಮೇಲೂ ಆಗುವುದಿಲ್ಲ ಅನಿಸಿದರೆ ಇಲ್ಲ ಅನ್ನಿ, ಸಹಿ ಹಾಕುವ ಮೊದಲೇ ಅನ್ನಿ. ನಾಚಿಕೆಗೆ ಹೂಂ ಅಂದು ಆಮೇಲೆ ಮಗುವನ್ನು ಕೈಬಿಟ್ಟ ಮನೆಗಳನ್ನು ಕಂಡಿದ್ದೇನೆ. ಹೊರಡುವ ಮೊದಲೇ ಏಜೆನ್ಸಿಯವರನ್ನು ಕೇಳಿ: ನಾವು ಇಲ್ಲ ಅಂದರೆ ಮಗುವಿಗೆ ಅದನ್ನು ಯಾರು ಹೇಳುತ್ತಾರೆ, ಹೇಗೆ ಹೇಳುತ್ತಾರೆ? ಅದಕ್ಕೆ ಅವರ ಹತ್ತಿರ ಉತ್ತರ ಇಲ್ಲದಿದ್ದರೆ ಟಿಕೆಟ್ ಮಾಡಿಸಬೇಡಿ. ಈಗ ನಿಮ್ಮ ಪ್ರಶ್ನೆಗಳು, ಹಿಂದೆ ಕೂತಿರುವವರು ಮೊದಲು ಕೇಳಿ.