ಕ್ರೌಂಚದ್ವೀಪದಲ್ಲಿ ಕೂತು ಮಾಡುವ ಪೂಜೆ

ಕೇಳುಗರಿಗೆ ನಮಸ್ಕಾರ.

ಪೂಜೆಗೆ ಕೂತಾಗ ಪುರೋಹಿತರು ಹೇಳಿಸುವ ಸಂಕಲ್ಪ ನಿಮಗೆಲ್ಲ ಪರಿಚಿತ. 'ಭರತವರ್ಷೇ, ಭರತಖಂಡೇ, ಜಂಬೂದ್ವೀಪೇ, ದಂಡಕಾರಣ್ಯೇ, ಗೋದಾವರ್ಯಾಃ ದಕ್ಷಿಣೇ ತೀರೇ' ಎನ್ನುತ್ತೇವೆ, ಸಂವತ್ಸರ, ಮಾಸ, ತಿಥಿ ಸೇರಿಸುತ್ತೇವೆ. ಎಲ್ಲಿ, ಯಾವಾಗ ಕೂತಿದ್ದೇವೆಂದು ದೇವರಿಗೆ ಒಪ್ಪಿಸಿದ ಮೇಲೆಯೇ ಮುಂದಿನ ಕೆಲಸ.

ಅಮೆರಿಕದ ಅನೇಕ ದೇವಸ್ಥಾನಗಳಲ್ಲಿ ಇದೇ ಸಂಕಲ್ಪ 'ಕ್ರೌಂಚದ್ವೀಪೇ, ರಮಣಕವರ್ಷೇ, ಐಂದ್ರಖಂಡೇ' ಎಂದಾಗುತ್ತದೆ. ಪುರಾಣದ ಭೂಗೋಳದಲ್ಲೇ ಆ ನೆಲಕ್ಕೊಂದು ಜಾಗ ಹುಡುಕಿಕೊಟ್ಟಿದ್ದಾರೆ. ಇದು ತೇಪೆ ಹಚ್ಚಿದ ಮಾತು ಎಂದು ಹುಬ್ಬೇರಿಸುವವರುಂಟು. ನನಗೆ ಹಾಗನ್ನಿಸುವುದಿಲ್ಲ. ದೇಶಕಾಲ ನೋಡಿಕೊಂಡು ನಡೆ ಎಂದು ಹೇಳುವುದೇ ನಮ್ಮ ವಿಧಿ. ಅಮೆರಿಕದಲ್ಲಿ ಕೂತು ಗೋದಾವರಿಯ ದಂಡೆ ಎನ್ನುವುದೇ ಅದಕ್ಕೆ ತಪ್ಪಾದೀತು.

1893ರಲ್ಲಿ ಷಿಕಾಗೋಗೆ ಹೋದ ವಿವೇಕಾನಂದರು ಅಲ್ಲಿನವರ ಮುಂದಿಟ್ಟದ್ದು ಮೂರ್ತಿಪೂಜೆಯನ್ನಲ್ಲ, ವೇದಾಂತದ ವಿಚಾರವನ್ನು. ಕೆಲಕಾಲ ಉಪನ್ಯಾಸ ಏರ್ಪಡಿಸುವ ಕಂಪನಿಯೊಂದರ ಜೊತೆ ಊರೂರು ಸುತ್ತಿ, ಅದನ್ನು ಬಿಟ್ಟು, ನ್ಯೂಯಾರ್ಕಿನಲ್ಲಿ ಶುಲ್ಕವಿಲ್ಲದೆ ಪಾಠ ಹೇಳತೊಡಗಿದರು. ಧರ್ಮಬೋಧನೆಗೆ ದರ ಕಟ್ಟಬಾರದೆಂಬ ಆ ನಿಲುವು ಇಂದಿನ ಯೋಗದ ಮಾರುಕಟ್ಟೆಯಲ್ಲಿ ಕಾಣುವುದು ಅಪರೂಪ. ಅದು ನನಗೆ ನಿಜಕ್ಕೂ ಬೇಸರದ ಸಂಗತಿ.

ಅವರ ಗುರುಭಾಯಿ ತ್ರಿಗುಣಾತೀತಾನಂದರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಟ್ಟಿಸಿದ ಮಂದಿರ 1906ರ ಜನವರಿಯಲ್ಲಿ ತೆರೆಯಿತು. ಏಪ್ರಿಲ್‌ನ ಮಹಾ ಭೂಕಂಪದಲ್ಲಿ ಊರೇ ಹಾಳಾದರೂ ಅದು ಉಳಿಯಿತು. ಎರಡು ವರ್ಷದೊಳಗೆ ಮೇಲೊಂದು ಅಂತಸ್ತು, ಗೋಪುರಗಳು ಬಂದವು: ಒಂದು ಬಂಗಾಳದ ದೇಗುಲದಂತೆ, ಇನ್ನೊಂದು ಯುರೋಪಿನ ಕೋಟೆಯ ಬುರುಜಿನಂತೆ. ಒಳಗೆ ಸಾಲು ಕುರ್ಚಿಗಳು, ಭಾನುವಾರದ ಉಪನ್ಯಾಸ. ಚರ್ಚಿಗೆ ಹೋಗಿ ಅಭ್ಯಾಸವಿದ್ದವರಿಗೆ ಅಲ್ಲಿ ಬಂದು ಕೂರಲು ಸಂಕೋಚವಾಗಲಿಲ್ಲ.

1965ರ ವಲಸೆ ಕಾಯ್ದೆ ಬಂದ ಮೇಲೆ ಹೋದ ನಮ್ಮವರಿಗೆ ಉಪನ್ಯಾಸ ಸಾಲಲಿಲ್ಲ. ಅಭಿಷೇಕ ಬೇಕು, ನಾಮಕರಣ ಬೇಕು, ಪ್ರಸಾದ ಬೇಕು. ನ್ಯೂಯಾರ್ಕಿನ ಫ್ಲಶಿಂಗ್‌ನಲ್ಲಿ, ಹಿಂದೆ ರಷ್ಯನ್ ಚರ್ಚೊಂದಿದ್ದ ಜಾಗದಲ್ಲಿ, 1977ರಲ್ಲಿ ಗಣಪತಿಗೆ ಕುಂಭಾಭಿಷೇಕವಾಯಿತು. ಪಿಟ್ಸ್‌ಬರ್ಗಿನ ವೆಂಕಟೇಶ್ವರನ ಭಕ್ತರು ಊರಿನ ಎರಡು ನದಿಗಳ ಜೊತೆ ನೆಲದಡಿಯ ನೀರನ್ನೂ ಸೇರಿಸಿ ತ್ರಿವೇಣಿ ಸಂಗಮವನ್ನೇ ಕಂಡುಕೊಂಡರು. ಕ್ಯಾಲಿಫೋರ್ನಿಯಾದ ಲಿವರ್‌ಮೋರ್‌ನಲ್ಲಿ ಶಿವ, ವಿಷ್ಣು ಒಂದೇ ಸೂರಿನಡಿ ನಿಂತರು. ಊರಲ್ಲಾಗಿದ್ದರೆ ಎಷ್ಟು ಜಗಳವಾಗುತ್ತಿತ್ತೋ!

ಜಗಳ ಇತ್ತ ನಮ್ಮ ನಾಡಿನಲ್ಲಿ ಆಯಿತು. ಉಡುಪಿಯ ಪುತ್ತಿಗೆ ಮಠದ ಸುಗುಣೇಂದ್ರ ತೀರ್ಥರು ವಿದೇಶಕ್ಕೆ ಹೋಗಿದ್ದರೆಂದು 2008ರ ಪರ್ಯಾಯದ, ಅಂದರೆ ಕೃಷ್ಣಮಠದ ಪೂಜೆಯ ಸರದಿ ಅವರಿಗೆ ಬಂದ, ಹೊತ್ತಿಗೆ ಭಾರಿ ವಿವಾದವೆದ್ದಿತು. ಆಕ್ಷೇಪಿಸಿದವರಿಗೆ ಸಂಪ್ರದಾಯದ ಮೇಲಿದ್ದ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಅದೇ ಮಠ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ನಡೆಸುವ ಕೃಷ್ಣ ವೃಂದಾವನಕ್ಕೆ ಹೋಗುವ ನಮ್ಮ ಕನ್ನಡದ ಕುಟುಂಬಗಳನ್ನು ನೆನೆದಾಗ, ಯತಿಗಳು ಕಡಲು ದಾಟಿದ್ದೇ ಸರಿ ಎಂದು ನನ್ನ ಮನಸ್ಸು ಹೇಳುತ್ತದೆ.

ಅಲ್ಲಿನ ಪಂಚಾಂಗವೂ ಅಲ್ಲಿನ ಸೂರ್ಯೋದಯಕ್ಕೇ ಗುಣಿಸಿದ್ದು. ಹಾಗಾಗಿ ಕೆಲವೊಮ್ಮೆ ಅವರ ಏಕಾದಶಿ ನಮಗಿಂತ ಒಂದು ದಿನ ಮೊದಲೇ ಬರುತ್ತದೆ. ಫ್ಲಶಿಂಗ್‌ನಲ್ಲಿ ಚೌತಿಯ ಪೂಜೆ ತಿಥಿಯಂದೇ ನಡೆಯುತ್ತದೆ. ರಥ ಮಾತ್ರ ಜನರಿಗೆ ರಜೆಯಿರುವ ಭಾನುವಾರ ಬೀದಿಗೆ ಹೊರಡುತ್ತದೆ.