ಕತ್ತಿನ ನೆಟಿಗೆಗೂ ಭುಜಕ್ಕೂ ಏನು ಸಂಬಂಧ?

ಕೇಳುಗರೆಲ್ಲರಿಗೂ ನಮಸ್ಕಾರ. ಭುಜ ನೋವು ಅಂತ ಹೋದ್ರೆ ಫಿಸಿಯೋದವರು ಕತ್ತು ಹಿಡ್ಕೊಂಡು ಸರಕ್ಕಂತ ತಿರುಗಿಸಿ ಟಕ್ ಅನ್ನಿಸ್ತಾರಲ್ಲ, ನೋವಿರೋದು ಒಂದ್ಕಡೆ ಕೈ ಹಾಕೋದು ಇನ್ನೊಂದ್ಕಡೆ, ಇದೇನ್ರೀ ಅಂತ ತುಂಬಾ ಜನ ಕೇಳ್ತಾರೆ. ನಾನು ಇವತ್ತು ಹೇಳೋಕೆ ಬಂದಿರೋದು ಒಂದೇ ಮಾತು. ಆ ಟಕ್ ಆದ್ಮೇಲೆ ಸ್ವಲ್ಪ ಹೊತ್ತು ಭುಜದ ಸ್ನಾಯುಗಳು ಮಾತು ಕೇಳೋ ಸ್ಥಿತೀಲಿ ಇರ್ತವೆ, ಆ ಹೊತ್ತಲ್ಲೇ ಅವುಗಳ ಕೈಲಿ ಕೆಲಸ ಮಾಡಿಸ್ಬೇಕು.

ಕತ್ತಲ್ಲಿ 7 ಮೂಳೆ ಇವೆ, ಪಕ್ಕದಿಂದ ಒಂದೊಂದೇ ನರ ಹೊರಗೆ ಬರುತ್ತೆ. ಅದ್ರಲ್ಲಿ 5 ಮತ್ತು 6ನೇ ನರ ಹೋಗೋದು ಎಲ್ಲಿಗೆ ಅಂದ್ರೆ ಕೈ ಎತ್ತೋ ಡೆಲ್ಟಾಯ್ಡ್‌ಗೆ, ಬೈಸೆಪ್ಸ್‌ಗೆ, ಭುಜದ ಕೀಲನ್ನ ಹಿಡಿದಿಟ್ಕೊಳ್ಳೋ ಸಣ್ಣ ಸ್ನಾಯುಗಳಿಗೆ. ಕತ್ತನ್ನ ಚಕ್ಕಂತ ತಿರುಗಿಸಿದಾಗ ಅಲ್ಲಿನ ಸಣ್ಣ ಕೀಲು, ಸ್ನಾಯು ಎಲ್ಲ ಒಂದೇ ಸಲ ಎಳೆದು ಬೆನ್ನುಹುರಿಗೆ ಸಿಗ್ನಲ್ಲುಗಳ ರಾಶಿ ಹೋಗುತ್ತೆ, ಭುಜಕ್ಕೆ ಆರ್ಡರ್ ಹೊರಡೋದೂ ಅದೇ ಜಾಗದಿಂದ ಆದ್ದರಿಂದ ಆ ಆರ್ಡರ್ ಸ್ವಲ್ಪ ಬದಲಾಗುತ್ತೆ. ಚರ್ಮದ ಮೇಲೆ ಇಎಂಜಿ ಪಟ್ಟಿ, ಅಂದ್ರೆ ಸ್ನಾಯುವಿನ ವಿದ್ಯುತ್ ಚಟುವಟಿಕೆಯನ್ನ ಸ್ಕ್ರೀನ್ ಮೇಲೆ ಗೆರೆಯಾಗಿ ತೋರಿಸೋ ಪಟ್ಟಿ, ಅಂಟಿಸಿ ಇದನ್ನ ನೋಡಬಹುದು. 2009ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಕತ್ತಿನ 5-6ನೇ ಮೂಳೆ ಮಧ್ಯೆ ಹೀಗೆ ಮಾಡಿದಾಗ, ಸುಮ್ನೆ ಇದ್ದ ಬೈಸೆಪ್ಸ್‌ನ ಚಟುವಟಿಕೆ ಏರಿತ್ತು, ಅದೂ ಎರಡೂ ಕೈಯಲ್ಲಿ. ಆದ್ರೆ ಇಂಥ ಬದಲಾವಣೆ ತುಂಬಾ ಹೊತ್ತು ನಿಲ್ಲಲ್ಲ, ಅದಕ್ಕೇ ಹೇಳ್ತಿರೋದು, ಆ ಹೊತ್ತಲ್ಲೇ ಕೆಲಸ ಮಾಡಿಸ್ಬೇಕು ಅಂತ.

ಒಬ್ಬರು ಮೇಷ್ಟ್ರು ಬಂದಿದ್ರು ನನ್ನ ಹತ್ರ. ಬೋರ್ಡ್ ಮೇಲೆ ಬರೆಯೋಕೆ ಕೈ ಎತ್ತಿದ್ರೆ ಕೈಗಿಂತ ಮೊದಲು ಭುಜ ಕಿವಿ ಹತ್ರ ಹೋಗ್ತಿತ್ತು, ಎದೆ ಮಟ್ಟ ದಾಟಿದ್ರೆ ಹಲ್ಲು ಕಚ್ಚೋರು. ಕತ್ತು ಬಲಕ್ಕೆ ಅರ್ಧಕ್ಕೇ ನಿಲ್ತಿತ್ತು. ಪಟ್ಟಿ ಅಂಟಿಸಿ ನೋಡಿದ್ರೆ, ಕತ್ತಿಂದ ಭುಜಕ್ಕೆ ಇಳಿಯೋ ಟ್ರಪೀಝಿಯಸ್ ಇದೆಯಲ್ಲ, ಅದರ ಮೇಲಿನ ಭಾಗದ ಗೆರೆ ಅವರು ಸುಮ್ನೆ ಕೂತಿದ್ರೂ ದಪ್ಪಕ್ಕೆ ಗೀಚ್ತಾ ಇದೆ, ಬೆನ್ನಿನ ಕಡೆ ಇರೋ ಕೆಳಗಿನ ಭಾಗದ್ದು ಕೈ ಎತ್ತಿದ್ರೂ ಹೆಚ್ಚುಕಮ್ಮಿ ಸಪಾಟು. ಭುಜದ ಹಿಂದೆ ಬೆನ್ನ ಮೇಲಿರೋ ರೆಕ್ಕೆ ಮೂಳೆಯನ್ನ ಸರಿಯಾಗಿ ತಿರುಗಿಸೋಕೆ ಈ ಎರಡೂ ಭಾಗ ಬೇಕು, ಇಲ್ಲಿ ಒಬ್ಬನೇ ದುಡೀತಿದ್ದಾನೆ. ಎಲ್ಲ ಪರೀಕ್ಷೆ ಮಾಡಿ ಕತ್ತು ತಿರುಗಿಸಿದೆ, ಟಕ್ ಅಂತು, ಮತ್ತೆ ಕೈ ಎತ್ತಿಸಿದೆ, ಭುಜ ಮೊದಲಿನಷ್ಟು ಮೇಲೆ ಹೋಗಲಿಲ್ಲ. ಮೇಷ್ಟ್ರಿಗೆ ಖುಷಿಯೋ ಖುಷಿ, ಆಗಲೇ ಅಂಗಿ ಹಾಕ್ಕೊಳ್ಳೋಕೆ ಶುರು ಮಾಡಿದ್ರು! ಸಾರ್ ಕೂತ್ಕೊಳ್ಳಿ, ಅಸಲಿ ಕೆಲಸ ಈಗ ಇರೋದು ಅಂದೆ. ಗೋಡೆಗೆ ಎರಡೂ ಮುಂಗೈ ಒರಗಿಸಿ ನಿಧಾನಕ್ಕೆ ಮೇಲಕ್ಕೆ ಜಾರಿಸ್ಬೇಕು, ಭುಜ ಕಿವಿ ಕಡೆ ಹೋಗಬಾರದು. ಮೊದಲು ಬೇಜಾರಲ್ಲೇ ಮಾಡಿದ್ರು, ಆಮೇಲೆ ಸ್ಕ್ರೀನ್ ಮೇಲೆ ಆ ಸಪಾಟು ಗೆರೆ ಮೆಲ್ಲಗೆ ಮೈ ತುಂಬ್ಕೊಳ್ಳೋದು ಕಂಡಾಗ ಅವರೇ ಇನ್ನೊಂದ್ಸಲ ಮಾಡ್ತೀನಿ ಅಂದ್ರು. ಮುಂದಿನ ವಾರ ಬಂದು ಎಲ್ಲಾ ಮೊದಲಿನ ಹಾಗೇ ಆಗಿದೆ, ಇನ್ನೊಂದು ಟಕ್ ಅನ್ನಿಸಿ ಅಂತಾರೆ! ಮನೇಲಿ ಮಾಡಿದ್ರಾ ಅಂದ್ರೆ ಟೈಮ್ ಆಗ್ಲಿಲ್ಲ. ಇಲ್ಲೇ ನೋಡಿ ನನಗೆ ತಾಳ್ಮೆ ತಪ್ಪೋದು. ಅವತ್ತಿಂದ ದಿನಾ ಮಾಡಿಸಿದ್ಮೇಲೆ ಬೋರ್ಡಿನ ಮೇಲಿನ ಸಾಲಿಗೆ ಕೈ ಹೋಯ್ತು.

ಮೇಷ್ಟ್ರ ಕತೇಲೇ ಸಮಯ ಓಡಿಹೋಯ್ತು, ಉಳಿದದ್ದು ಬೇಗ ಹೇಳ್ತೀನಿ. ಆ ಸದ್ದು ಮೂಳೆ ಜಾಗಕ್ಕೆ ಕೂತ ಸದ್ದಲ್ಲ, ಕೀಲಿನ ಒಳಗಿನ ದ್ರವದಲ್ಲಿ ಗ್ಯಾಸಿನ ಗುಳ್ಳೆ ಆಗೋದರ ಸದ್ದು. ಸದ್ದು ಬರದಿದ್ರೂ ಪರವಾಗಿಲ್ಲ, ಎಷ್ಟು ಸಲ ಬಂತು ಅಂತ ಎಣಿಸೋದೂ ಬೇಡ. ನೀವೇ ಗದ್ದ ಹಿಡಿದು ಕತ್ತಿನ ನೆಟಿಗೆ ಮುರ್ಕೊಳ್ಳೋದು, ತರಬೇತಿ ಇಲ್ಲದವರ ಕೈಗೆ ಕತ್ತು ಕೊಡೋದು ದಯವಿಟ್ಟು ಬಿಡಿ. ಮೆದುಳಿಗೆ ರಕ್ತ ಒಯ್ಯೋ ಎರಡು ನಾಳ ಆ ಮೂಳೆಗಳ ತೂತಿನ ಮೂಲಕವೇ ಹೋಗ್ತವೆ, ಅಪರೂಪಕ್ಕೆ ಅದರ ಗೋಡೆ ಸೀಳಿ ಪಾರ್ಶ್ವವಾಯು ಆಗಿರೋದುಂಟು. ಕತ್ತು ತಿರುಗಿಸಿದ್ಮೇಲೆ ಹಿಂದೆಂದೂ ಬಾರದಂಥ ತಲೆನೋವು, ತಲೆಸುತ್ತು, ಒಂದು ವಸ್ತು ಎರಡಾಗಿ ಕಾಣೋದು, ಮಾತು ತೊದಲೋದು ಏನಾದ್ರೂ ಶುರುವಾದ್ರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ. ಏನೂ ಇಲ್ಲ, ಹಗುರ ಅನ್ಸ್ತಿದೆ ಅಂದ್ರೆ ಅಲ್ಲೇ, ಆಗಲೇ, ಈಗ ಭುಜಕ್ಕೆ ಏನು ಮಾಡ್ಲಿ ಅಂತ ಫಿಸಿಯೋನ ಕೇಳಿ, ತೋರಿಸಿಕೊಟ್ಟ ಮೇಲೇನೇ ಎದ್ದು ಬನ್ನಿ. ನಮಸ್ಕಾರ.