ಮೂರು ಚಕ್ರದ ಟೂರಿಂಗ್ ಬೈಕ್ ಬದಲಿಸಬೇಕೇ? ಮೊದಲು ಚಕ್ರ ನೋಡಿ, ಆಮೇಲೆ ಎಂಜಿನ್

[ದೃಶ್ಯ: ಬೆಟ್ಟದ ರಸ್ತೆ. ಎದುರಿನಿಂದ ಕ್ಯಾನ್-ಆಮ್ ಸ್ಪೈಡರ್ ಆರ್‌ಟಿ ಬರುತ್ತದೆ. ಅದರ ಹಿಂದೆಯೇ ಹಾರ್ಲಿ-ಡೇವಿಡ್‌ಸನ್ ಟ್ರೈ ಗ್ಲೈಡ್.]

ನಮಸ್ಕಾರ. ಅಮೆರಿಕದಲ್ಲಿ ಮೂರು ಚಕ್ರದ ಟೂರಿಂಗ್ ಬೈಕ್ ಇಟ್ಟುಕೊಂಡವರು ಕೆಲವು ವರ್ಷ ಕಳೆಯುವಷ್ಟರಲ್ಲಿ ಒಂದು ಪ್ರಶ್ನೆಗೆ ಬಂದು ನಿಲ್ಲುತ್ತಾರೆ: ಇದನ್ನೇ ಇಟ್ಟುಕೊಳ್ಳಲೇ, ಇನ್ನೊಂದಕ್ಕೆ ಹೋಗಲೇ? ಸ್ಪೈಡರ್ ಇರುವವರಿಗೆ ಹಾರ್ಲಿಯ ಸದ್ದಿನ ಮೇಲೆ ಆಸೆ. ಹಾರ್ಲಿ ಇರುವವರಿಗೆ ಸ್ಪೈಡರ್ ತಿರುವುಗಳಲ್ಲಿ ಹೋಗುವ ರೀತಿಯ ಮೇಲೆ ಕಣ್ಣು. ಹೋಂಡಾದ ಎರಡು ಚಕ್ರದ ಟೂರಿಂಗ್ ಬೈಕ್ ಗೋಲ್ಡ್ ವಿಂಗ್ ಓಡಿಸುತ್ತಿದ್ದವರಿಗೆ ಮೊಣಕಾಲು ನೋವು ಶುರುವಾದರೆ, ಇದಕ್ಕೇ ಇನ್ನೊಂದು ಚಕ್ರ ಕೂಡಿಸಿಬಿಡೋಣ ಎನಿಸುತ್ತದೆ. ಅಮೆರಿಕದಲ್ಲಿರುವ ಕನ್ನಡಿಗ ಸ್ನೇಹಿತರಲ್ಲೂ ನಿವೃತ್ತಿ ಹತ್ತಿರ ಬಂದವರು ಈ ಲೆಕ್ಕಾಚಾರದಲ್ಲಿ ಇದ್ದಾರೆ. ಅವರಿಗಾಗಿಯೇ ಈ ವಿಡಿಯೋ.

ಬೈಕಿನ ಮಾತು ಬಂದರೆ ಎಲ್ಲರೂ ಎಂಜಿನ್‌ನಿಂದ ಶುರು ಮಾಡುತ್ತಾರೆ. ನಾನು ಚಕ್ರದಿಂದ ಶುರು ಮಾಡುತ್ತೇನೆ. ಈಗಿನ ಬೈಕಿನ ಮೇಲೆ ನಿಮಗಿರುವ ದೂರು ಚಕ್ರಗಳ ಜೋಡಣೆಯಿಂದ ಹುಟ್ಟಿದ್ದೇ, ಅಥವಾ ಸೀಟು, ಹ್ಯಾಂಡಲ್, ಟೈರುಗಳಿಂದ ಹುಟ್ಟಿದ್ದೇ? ಇದು ಗೊತ್ತಾಗದೆ ಬೈಕ್ ಬದಲಿಸಬೇಡಿ. ಜೋಡಣೆಯ ದೂರಿಗೆ ಬೇರೆ ಬೈಕೇ ಮದ್ದು. ಉಳಿದ ದೂರುಗಳಿಗೆ ಅದರಲ್ಲಿ ಹತ್ತರಲ್ಲೊಂದು ಭಾಗದ ಖರ್ಚಿನ ಮದ್ದು ಇದೆ.

[ದೃಶ್ಯ: ಮೇಲಿನಿಂದ ನೋಡಿದಂತೆ ಎರಡು ತ್ರಿಕೋನಗಳ ರೇಖಾಚಿತ್ರ. ಒಂದರ ತುದಿ ಮುಂದಕ್ಕೆ, ಇನ್ನೊಂದರ ತುದಿ ಹಿಂದಕ್ಕೆ.]

ಕೆನಡಾದ ಕ್ವಿಬೆಕ್ ಪ್ರಾಂತ್ಯದ ಬಿಆರ್‌ಪಿ, ಹಿಮದ ಮೇಲೆ ಓಡುವ ಸ್ಕೀ-ಡೂ ವಾಹನಗಳಿಗೆ ಹೆಸರಾದ ಕಂಪನಿ. ಅದು 2007ರಲ್ಲಿ ತನ್ನ ಕ್ಯಾನ್-ಆಮ್ ಹೆಸರಿನಲ್ಲಿ ಸ್ಪೈಡರ್ ಅನ್ನು ಹೊರತಂದಿತು. ಮುಂದೆ ಎರಡು ಚಕ್ರ, ಹಿಂದೆ ಒಂದು. ದೂರ ಪ್ರಯಾಣಕ್ಕೆಂದೇ ಮಾಡಿದ ಆರ್‌ಟಿ 2010ರ ಮಾದರಿಯಾಗಿ ಬಂತು. ಹಾರ್ಲಿಯದು ಉಲ್ಟಾ ಲೆಕ್ಕ: ಮುಂದೆ ಒಂದು, ಹಿಂದೆ ಎರಡು. 1932ರಿಂದ 1973ರವರೆಗೆ ಅದು ಸರ್ವಿ-ಕಾರ್ ಎಂಬ ಮೂರು ಚಕ್ರದ ಗಾಡಿ ಮಾಡುತ್ತಿತ್ತು, ಪೊಲೀಸರೂ ಗ್ಯಾರೇಜಿನವರೂ ಅದನ್ನು ಓಡಿಸುತ್ತಿದ್ದರು. ಟ್ರೈ ಗ್ಲೈಡ್ 2009ರ ಮಾದರಿಯಿಂದ ಶುರುವಾಯಿತು.

ಟ್ರೈ ಗ್ಲೈಡ್‌ನ ಜೋಡಣೆ ಅರ್ಥವಾಗಬೇಕಾದರೆ ಬೆಂಗಳೂರಿನ ಆಟೋ ನೆನಪಿಸಿಕೊಳ್ಳಿ. ವೇಗವಾಗಿ ಬಂದ ಆಟೋ ಬ್ರೇಕ್ ಹಾಕುತ್ತಲೇ ತಿರುಗಿದರೆ ಒಳಬದಿಯ ಹಿಂಚಕ್ರ ಹಗುರವಾಗುವುದು ಹಿಂದೆ ಕುಳಿತವರಿಗೂ ತಿಳಿಯುತ್ತದೆ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಸರಿಯುತ್ತದೆ, ಅಲ್ಲಿ ಅದನ್ನು ಹೊರಲು ಇರುವುದು ಒಂದೇ ಚಕ್ರ. ತಿರುವು ಅದೇ ಭಾರವನ್ನು ಹೊರಗೆ ತಳ್ಳುತ್ತದೆ. ಎರಡೂ ಕೂಡಿದಾಗ ಗಾಡಿ ಮುಂಚಕ್ರ ಮತ್ತು ಹೊರಬದಿಯ ಹಿಂಚಕ್ರಗಳ ಮೇಲೆ ಮಗುಚಲು ನೋಡುತ್ತದೆ. ಆದ್ದರಿಂದ ಟ್ರೈ ಗ್ಲೈಡ್ ಓಡಿಸುವವರು ಬ್ರೇಕ್ ಕೆಲಸವನ್ನು ತಿರುವಿಗೆ ಮೊದಲೇ, ನೇರ ದಾರಿಯಲ್ಲೇ ಮುಗಿಸಬೇಕು. 2020ರ ಮಾದರಿಯಿಂದ ಹಾರ್ಲಿ ತನ್ನ ಮೂರು ಚಕ್ರದ ಬೈಕುಗಳಿಗೆ ತಿರುವಿನಲ್ಲೂ ಕೆಲಸ ಮಾಡುವ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಕಟ್ಟಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ) ಮತ್ತು ಎಳೆತ ನಿಯಂತ್ರಣ ಕೊಟ್ಟಿದೆ. ಒಳ್ಳೆಯದೇ. ಆದರೆ ಚಕ್ರಗಳ ತ್ರಿಕೋನ ಅದೇ ತ್ರಿಕೋನ.

ಸ್ಪೈಡರ್‌ನಲ್ಲಿ ಬ್ರೇಕ್ ಹಾಕಿದಾಗ ಭಾರ ಬರುವುದು ಎರಡು ಚಕ್ರಗಳ ಮೇಲೆ. ತಿರುವಿನ ನಡುವೆ ಏಕಾಏಕಿ ಜಿಂಕೆ ಕಾಣಿಸಿಕೊಂಡರೂ ಧೈರ್ಯವಾಗಿ ಬ್ರೇಕ್ ತುಳಿಯಬಹುದು. ಅದರ ದುರ್ಬಲ ಗಳಿಗೆ ಬೇರೆ: ತಿರುವಿನಲ್ಲಿ ಆಕ್ಸಿಲರೇಟರ್ ಹೆಚ್ಚು ತಿರುಚಿದರೆ ಭಾರ ಹಿಂದಿನ ಒಂಟಿ ಚಕ್ರಕ್ಕೆ ಹೋಗಿ ಒಳಬದಿಯ ಮುಂಚಕ್ರ ಹಗುರವಾಗುತ್ತದೆ. ಆಗ ಅದರ ಸ್ಥಿರತೆ ನಿಯಂತ್ರಣ ವ್ಯವಸ್ಥೆ ಮಧ್ಯೆ ಬಂದು ಎಂಜಿನ್ ಶಕ್ತಿ ಕಡಿಮೆ ಮಾಡುತ್ತದೆ, ಬೇಕಾದ ಚಕ್ರಕ್ಕೆ ತಾನೇ ಬ್ರೇಕ್ ಹಾಕುತ್ತದೆ. ಕೆಲವರಿಗೆ ಇದು ಕಿರಿಕಿರಿ. ನನಗೆ ಇದು ಬೇಕು. ಅಂಥ ಗಳಿಗೆಯಲ್ಲಿ ಮನುಷ್ಯನ ಕೈಗಿಂತ ಅದು ಬೇಗ ಎಚ್ಚೆತ್ತುಕೊಳ್ಳುತ್ತದೆ.

[ದೃಶ್ಯ: ಡೀಲ್ಸ್ ಗ್ಯಾಪ್. ಕ್ಯಾಮೆರಾ ಹ್ಯಾಂಡಲ್ ಮೇಲಿನ ಎರಡೂ ಕೈಗಳ ಮೇಲೆ.]

ನಾರ್ತ್ ಕ್ಯಾರೊಲೈನಾ ಮತ್ತು ಟೆನೆಸ್ಸೀ ಗಡಿಯಲ್ಲಿ, ಈ ಡೀಲ್ಸ್ ಗ್ಯಾಪ್ ಎಂಬಲ್ಲಿ, ಯುಎಸ್ 129 ರಸ್ತೆಯ ಒಂದು ತುಂಡಿದೆ: 11 ಮೈಲಿಯಲ್ಲಿ 318 ತಿರುವುಗಳು. ಮೂರು ಚಕ್ರದ ಬೈಕಿನ ಗುಣ ತಿಳಿಯಲು ಇದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ಇಲ್ಲಿ ಕೈಗಳನ್ನು ನೋಡಿ. ಎರಡು ಚಕ್ರದ ಬೈಕಿನಲ್ಲಿ ಬಲಕ್ಕೆ ಹೋಗಲು ಬಲಗೈಯಿಂದ ಹ್ಯಾಂಡಲ್ ಅನ್ನು ಮೆಲ್ಲನೆ ಮುಂದಕ್ಕೆ ಒತ್ತುತ್ತೇವೆ, ಬೈಕ್ ಬಲಕ್ಕೆ ವಾಲುತ್ತದೆ. ವಾಲದ ಮೂರು ಚಕ್ರದಲ್ಲಿ ಹಾಗೆ ಒತ್ತಿದರೆ ಅದು ಎಡಕ್ಕೆ ಹೋಗುತ್ತದೆ! ಮೂವತ್ತು ವರ್ಷದ ಅಭ್ಯಾಸವಿರುವ ಕೈಗಳಿಗೆ ಮೊದಲ ದಿನ ಇದೇ ದೊಡ್ಡ ಅಪಾಯ. ಇಲ್ಲಿ ಬಲ ತಿರುವಿಗೆ ಎಡಗೈ ಒತ್ತಬೇಕು. ಮೈ ಎಡಕ್ಕೆ ಎಸೆದಂತಾಗುತ್ತದೆ, ಬಲ ತೊಡೆ ಟ್ಯಾಂಕಿನ ಬದಿಗೆ ಅಂಟಿಕೊಳ್ಳುತ್ತದೆ. ಹೊಸಬರು ಬೀಳದಿರಲು ಹ್ಯಾಂಡಲ್ ಅನ್ನೇ ಬಿಗಿಹಿಡಿಯುತ್ತಾರೆ. ಆಗ ಅವರ ಮೈಯ ತೂಕವೇ ಚುಕ್ಕಾಣಿಯನ್ನು ಎಳೆದಾಡುತ್ತದೆ, ಬೈಕ್ ತೂರಾಡುತ್ತದೆ, ಸಂಜೆ ಹೊತ್ತಿಗೆ ಭುಜ ಹಿಡಿದುಕೊಳ್ಳುತ್ತದೆ. ಮೈಯನ್ನು ತೊಡೆ ಮತ್ತು ಪಾದಗಳಲ್ಲಿ ಹಿಡಿದಿಟ್ಟು, ಎದೆಯನ್ನು ಸ್ವಲ್ಪ ಮುಂದಕ್ಕೆ, ತಿರುವಿನ ಒಳಗಡೆಗೆ ಬಾಗಿಸಿ, ಬೆರಳು ಸಡಿಲ ಬಿಟ್ಟರೆ ಅದೇ ಬೈಕ್ ಶಾಂತವಾಗಿ ಹೋಗುತ್ತದೆ.

ಬಲಗೈಯ ಬೆರಳುಗಳನ್ನೂ ಗಮನಿಸಿ. ಬ್ರೇಕ್ ಹಿಡಿ ಹುಡುಕುತ್ತಿವೆ. ಸ್ಪೈಡರ್‌ನಲ್ಲಿ ಅದು ಇಲ್ಲ. ಮೂರೂ ಚಕ್ರಗಳ ಬ್ರೇಕ್ ಬಲಗಾಲಿನ ಒಂದೇ ಪೆಡಲ್‌ನಲ್ಲಿ. ಆರು ಗೇರಿನ ಅರೆ ಸ್ವಯಂಚಾಲಿತ ಆವೃತ್ತಿಯಲ್ಲಿ ಕ್ಲಚ್ ಹಿಡಿಯೂ ಇಲ್ಲ, ಎಡಗೈಯ ಬೆರಳು ಗುಂಡಿ ಒತ್ತಿ ಗೇರ್ ಬದಲಿಸುತ್ತದೆ. ಟ್ರೈ ಗ್ಲೈಡ್‌ನಲ್ಲಿ ಕ್ಲಚ್, ಗೇರು, ಕೈಬ್ರೇಕ್ ಎಲ್ಲವೂ ಬೈಕಿನಂತೆಯೇ ಇವೆ. ಎಡಗೈಯಲ್ಲಿ ಸಂಧಿವಾತ ಇರುವವರಿಗೆ ಈ ಒಂದು ವ್ಯತ್ಯಾಸವೇ ತೀರ್ಮಾನವಾಗಬಹುದು. ನಿಮ್ಮ ದೂರು ಇಂಥದ್ದಾದರೆ ಬದಲಿಸಿ, ನಾನು ತಡೆಯುವುದಿಲ್ಲ.

ಸ್ಪೈಡರ್‌ನಿಂದ ಹಾರ್ಲಿಗೆ ಹೋಗುವವರಿಗೆ ಒಂದು ಎಚ್ಚರಿಕೆ. ಅಗಲವಾದ ಹಿಂಭಾಗ ನಿಮ್ಮ ಬೆನ್ನ ಹಿಂದೆ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಪೆಟ್ರೋಲ್ ಬಂಕಿನ ಕಟ್ಟೆಯನ್ನು ಮುಂಚಕ್ರ ದಾಟಿದರೂ ಹಿಂಚಕ್ರ ಬಡಿಯುತ್ತದೆ. ಅದಕ್ಕಿಂತ ಮುಖ್ಯ, ಸಿಗ್ನಲ್‌ನಲ್ಲಿ ನಿಂತಾಗ ಹಳೆಯ ಅಭ್ಯಾಸದಿಂದ ಕಾಲು ನೆಲಕ್ಕೆ ಇಟ್ಟು ಹಾಗೇ ಮುಂದೆ ಸಾಗಿದರೆ ನಿಮ್ಮದೇ ಹಿಂಚಕ್ರ ನಿಮ್ಮ ಪಾದದ ಮೇಲೆ ಹತ್ತುತ್ತದೆ. ಕಾಲು ಇಡುವ ಅಗತ್ಯವೇ ಇಲ್ಲ, ಅದು ತಾನೇ ನಿಂತಿರುತ್ತದೆ. ಇದನ್ನು ಖಾಲಿ ಮೈದಾನದಲ್ಲಿ ಅಭ್ಯಾಸ ಮಾಡಿ, ಮೈಗೆ ಹಿಡಿಸಿಕೊಳ್ಳಿ.

[ದೃಶ್ಯ: ಹಿಂದಿನ ಸೀಟಿನಿಂದ ತೆಗೆದ ಚಿತ್ರಣ.]

ಇನ್ನು ಹಿಂದೆ ಕೂರುವವರ ಮಾತು. ಡೀಲರ್ ಬಳಿ ಇದನ್ನು ಕೇಳುವವರು ಕಡಿಮೆ. ಆದರೆ ಟೂರಿಂಗ್ ಬೈಕಿನ ಅರ್ಧ ಮತ ಅವರದ್ದು. ಓಡಿಸುವವರಿಗೆ ತಿರುವು ಮೊದಲೇ ಗೊತ್ತು, ಹಿಡಿಯಲು ಹ್ಯಾಂಡಲ್ ಇದೆ. ಹಿಂದೆ ಕುಳಿತವರಿಗೆ ಎರಡೂ ಇಲ್ಲ. ವಾಲದ ಬೈಕಿನಲ್ಲಿ ಅವರು ಪ್ರತಿ ತಿರುವಿಗೂ ಹೊರಗೆ ಸರಿಯುತ್ತಾರೆ. ಟ್ರೈ ಗ್ಲೈಡ್‌ನ ಹಿಂದಿನ ಆಸನ ಅಗಲ, ಒರಗು ಚೆನ್ನ, ನೇರ ಹೆದ್ದಾರಿಯಲ್ಲಿ ಅದರ ಸುಖಕ್ಕೆ ಸಾಟಿ ಇಲ್ಲ. ಆದರೆ ಅದರ ಎರಡು ಹಿಂಚಕ್ರಗಳಿಗೂ ಒಂದೇ ಅಚ್ಚು. ಒಂದು ಚಕ್ರ ಗುಂಡಿಗೆ ಇಳಿದರೆ ಇಡೀ ಆಸನ ಅತ್ತಿತ್ತ ತೊನೆಯುತ್ತದೆ. ಸ್ಪೈಡರ್ ಆರ್‌ಟಿ ಲಿಮಿಟೆಡ್‌ನಲ್ಲಿ ಹಿಂದಿನ ಸಸ್ಪೆನ್ಷನ್ ಗಾಳಿಯದ್ದು, ತೂಕಕ್ಕೆ ತಕ್ಕಂತೆ ತಾನೇ ಎತ್ತರ ಸರಿಮಾಡಿಕೊಳ್ಳುತ್ತದೆ. ಒಟ್ಟು 177 ಲೀಟರ್ ಸಾಮಾನಿನ ಜಾಗವಿದೆ. ಹಾಗೆಂದು ಗುಂಡಿಗಳಿಂದ ಬಿಡುಗಡೆ ಯಾವ ಮೂರು ಚಕ್ರಕ್ಕೂ ಇಲ್ಲ. ಮೂರು ಚಕ್ರಗಳಿಗೆ ಮೂರು ಜಾಡು, ಒಂದನ್ನು ತಪ್ಪಿಸಿದರೆ ಇನ್ನೊಂದು ಇಳಿಯುತ್ತದೆ.

ಇನ್ನೊಂದು ಬಗೆ, ಗೋಲ್ಡ್ ವಿಂಗ್ ಅನ್ನು ಮೂರು ಚಕ್ರಕ್ಕೆ ಪರಿವರ್ತಿಸುವುದು. ಹೋಂಡಾ ಇದನ್ನು ಕಾರ್ಖಾನೆಯಲ್ಲಿ ಮಾಡುವುದಿಲ್ಲ, ಪರಿವರ್ತನೆಯ ಕಿಟ್ ಮಾಡುವ ಬೇರೆ ಕಂಪನಿಗಳಿವೆ. 1833 ಸಿಸಿಯ ಆರು ಸಿಲಿಂಡರ್ ಎಂಜಿನ್ ಅಷ್ಟು ನಯವಾಗಿ ಓಡುವುದನ್ನು ಕಂಡವರು ಅದನ್ನು ಬಿಡಲು ಒಪ್ಪುವುದಿಲ್ಲ, ನಾನೂ ಒಪ್ಪಲಾರೆ. ತೊಂದರೆ ಚುಕ್ಕಾಣಿಯಲ್ಲಿದೆ. ಅದರ ಮುಂಭಾಗವನ್ನು ವಾಲುವ ಬೈಕಿಗೆಂದು ಲೆಕ್ಕ ಹಾಕಿ ಮಾಡಿದ್ದಾರೆ. ವಾಲದ ಗಾಡಿಯಲ್ಲಿ ಅದೇ ಕೋನ ಇದ್ದರೆ ಹ್ಯಾಂಡಲ್ ಭಾರವಾಗುತ್ತದೆ. ಆದ್ದರಿಂದ ಮುಂಭಾಗದ ಕೋನ ಬದಲಿಸುವ ಭಾಗಗಳನ್ನೂ ಹಾಕಿಸಬೇಕು. 2018ರಲ್ಲಿ ಗೋಲ್ಡ್ ವಿಂಗ್‌ನ ಮುಂದಿನ ಸಸ್ಪೆನ್ಷನ್ ಪೂರ್ತಿ ಬದಲಾಯಿತು, ಹಾಗಾಗಿ ಹಳೆಯದರ ಭಾಗ ಹೊಸದಕ್ಕೆ ಆಗುವುದಿಲ್ಲ. ಎರಡು ಹಿಂಚಕ್ರಗಳಿಗೆ ಪ್ರತ್ಯೇಕ ಸಸ್ಪೆನ್ಷನ್ ಇರುವ ಕಿಟ್ ಸಿಗುತ್ತದೆ, ಹಿಂದೆ ಕೂರುವವರಿದ್ದರೆ ಅದನ್ನೇ ಆರಿಸಿ. ವಾರಂಟಿ ಯಾವ ಭಾಗಕ್ಕೆ ಯಾರದು ಎಂಬುದನ್ನು ಬರಹದಲ್ಲಿ ತೆಗೆದುಕೊಳ್ಳಿ.

ಯಮಾಹಾ ನಿಕೆನ್ ಜಿಟಿಯನ್ನೂ ಕೆಲವರು ಈ ಪಟ್ಟಿಗೆ ಸೇರಿಸುತ್ತಾರೆ. ಅದರಲ್ಲೂ ಮುಂದೆ ಎರಡು ಚಕ್ರ, ಆದರೆ ಅದು ವಾಲುವ ಬೈಕ್. ನಿಂತಾಗ ಕಾಲು ಕೊಡಲೇಬೇಕು. ಮೊಣಕಾಲಿನ ಕಾರಣಕ್ಕೆ ಮೂರು ಚಕ್ರ ಹುಡುಕುವವರಿಗೆ ಅಲ್ಲ.

[ದೃಶ್ಯ: ಸವೆದ ಹಿಂದಿನ ಟೈರು, ನಡುಭಾಗ ಬೋಳಾಗಿದೆ. ಅಂಚಿನಲ್ಲಿ ಗೀರುಗಳು ಹಾಗೇ ಇವೆ.]

ಈಗ ಬೈಕ್ ಬದಲಿಸಿದರೂ ಹೋಗದ ದೂರುಗಳು. ಹೆದ್ದಾರಿಯಲ್ಲಿ ಸ್ಪೈಡರ್ ಅತ್ತಿತ್ತ ಅಲೆಯುತ್ತದೆ ಎಂದು ಬೇಸತ್ತು ಮಾರುವವರಿದ್ದಾರೆ. ಮಾರುವ ಮೊದಲು ಮುಂದಿನ ಎರಡು ಚಕ್ರಗಳ ಅಲೈನ್‌ಮೆಂಟ್ ಲೇಸರ್‌ನಲ್ಲಿ ಪರೀಕ್ಷಿಸಿ ಕೊಡುವವರ ಬಳಿ ಹೋಗಿ. ಟೈರಿನ ಗಾಳಿ ನೋಡಿ. ಹಿಂದಿನ ಟೈರು ಕಾರಿನ ಟೈರಿನಂತೆ ಚಪ್ಪಟೆ, ಇಡೀ ಎಂಜಿನ್ನಿನ ಎಳೆತ ಅದೊಂದರ ಮೇಲೆ. ನಡುಭಾಗ ಬೇಗ ಸವೆಯುತ್ತದೆ, ಸವೆದ ಟೈರು ಮಳೆನೀರಿನಲ್ಲಿ ತೇಲಿದಂತೆ ಜಾರುತ್ತದೆ. ಈ ಲಕ್ಷಣಗಳೆಲ್ಲ ಸೇರಿ ಒಳ್ಳೆಯ ಬೈಕಿಗೆ ಕೆಟ್ಟ ಹೆಸರು ತರುತ್ತವೆ. ಟೈರು ಬದಲಿಸಲು ಬೆಲ್ಟ್ ಸಡಿಲಿಸಬೇಕು, ಎಲ್ಲ ಅಂಗಡಿಗಳೂ ಈ ಕೆಲಸ ಹಿಡಿಯುವುದಿಲ್ಲ. ಅದನ್ನು ವರ್ಷದ ಖರ್ಚಿನಲ್ಲಿ ಸೇರಿಸಿಕೊಳ್ಳಿ.

ಬೆನ್ನು ನೋವಿಗೆ ಸೀಟು ಬದಲಿಸಿ. ಹೆಲ್ಮೆಟ್‌ಗೆ ಗಾಳಿ ಬಡಿದರೆ ವಿಂಡ್‌ಶೀಲ್ಡ್ ಬದಲಿಸಿ. ಕೈ ಜೋಮು ಹಿಡಿದರೆ ಹ್ಯಾಂಡಲ್ ಅನ್ನು ಹತ್ತಿರಕ್ಕೆ ತರುವ ಭಾಗ ಸಿಗುತ್ತದೆ. ಹೊಸ ಬೈಕ್ ಕೊಂಡರೂ ಇವುಗಳನ್ನು ಮತ್ತೆ ಮಾಡಿಸಬೇಕಾಗುವ ಸಂಭವವೇ ಹೆಚ್ಚು, ಏಕೆಂದರೆ ಮೈ ನಿಮ್ಮದೇ.

ಹಳೆಯ ಸ್ಪೈಡರ್‌ನಿಂದ ಹೊಸ ಸ್ಪೈಡರ್‌ಗೆ ಹೋಗುವುದು ಮಾತ್ರ ಬೇರೆ ವಿಷಯ. 2013ರವರೆಗಿನ ಆರ್‌ಟಿಯಲ್ಲಿ 998 ಸಿಸಿಯ ಎರಡು ಸಿಲಿಂಡರ್ ಎಂಜಿನ್ ಇತ್ತು, ಜೋರಾಗಿ ತಿರುಗಿಸಿದರೆ ಮಾತ್ರ ಅದಕ್ಕೆ ಶಕ್ತಿ ಬರುತ್ತಿತ್ತು. ಬೇಸಿಗೆಯಲ್ಲಿ ಕಾಲಿಗೆ ಬಿಸಿ ಹೊಡೆಯುತ್ತದೆ ಎಂಬ ದೂರೂ ವ್ಯಾಪಕವಾಗಿತ್ತು. 2014ರಲ್ಲಿ 1330 ಸಿಸಿಯ ಮೂರು ಸಿಲಿಂಡರ್ ರೋಟಾಕ್ಸ್ ಎಂಜಿನ್ ಬಂತು: 115 ಅಶ್ವಶಕ್ತಿ, ಎಂಜಿನ್ ಅಷ್ಟು ಜೋರಾಗಿ ತಿರುಗದೆಯೇ ಸಿಗುವ 130 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ. 2020ರಲ್ಲಿ ಆರ್‌ಟಿಯ ಮೈಕಟ್ಟನ್ನೇ ಹೊಸದಾಗಿ ರೂಪಿಸಿದರು. ಚಕ್ರದ ಜೋಡಣೆ ಇಷ್ಟ, ಎಂಜಿನ್ ಕಷ್ಟ ಎನ್ನುವವರಿಗೆ ಇದಕ್ಕಿಂತ ನೇರ ದಾರಿ ಬೇರೆ ಇಲ್ಲ. ಕಾಲು ಮುಂದಕ್ಕೆ ಚಾಚಿ ಕೂರುವುದು ಇಷ್ಟವಿದ್ದರೆ ಸ್ಪೈಡರ್‌ನದೇ ಇನ್ನೊಂದು ಮಾದರಿ ಎಫ್3 ಲಿಮಿಟೆಡ್ ನೋಡಿ. ಅದರ ಸೀಟು ತಗ್ಗಿನಲ್ಲಿದೆ, ಪಾದ ಇಡುವ ಜಾಗವನ್ನು ನಿಮ್ಮ ಎತ್ತರಕ್ಕೆ ತಕ್ಕಂತೆ ಸರಿಸಿ ಕೂರಿಸಬಹುದು. ಸಾಮಾನಿನ ಜಾಗ ಮಾತ್ರ ಆರ್‌ಟಿಗಿಂತ ಕಡಿಮೆ.

ಹಾರ್ಲಿಯ ಪರವಾಗಿಯೂ ಹೇಳುವುದಿದೆ. ಡೀಲರ್‌ಗಳ ಜಾಲ ದೊಡ್ಡದು, ಊರು ಬಿಟ್ಟು ಊರಿಗೆ ಹೋಗುವವರಿಗೆ ಅದು ನಿಜವಾದ ಭರವಸೆ. 1868 ಸಿಸಿಯ ಎಂಜಿನ್ ಅವಸರವಿಲ್ಲದೆ ಎಳೆಯುವ ರೀತಿಗೆ ಮನಸೋತವರನ್ನು ಅಂಕಿಗಳಿಂದ ಒಲಿಸಲಾಗದು. ನೇರ ರಸ್ತೆ, ದೀರ್ಘ ದಿನ, ಹಿಂದೆ ಸಂಗಾತಿ, ತಿರುವಿನಲ್ಲಿ ಅವಸರವಿಲ್ಲ ಎನ್ನುವವರಾದರೆ ಟ್ರೈ ಗ್ಲೈಡ್ ನಿಮ್ಮದು. ಬ್ಲೂ ರಿಡ್ಜ್ ಪಾರ್ಕ್‌ವೇಯಂಥ ಬೆಟ್ಟದ ದಾರಿಗಳೇ ನಿಮ್ಮ ಜೀವವಾದರೆ ಮುಂದಿನ ಎರಡು ಚಕ್ರ ಬಿಡಬೇಡಿ ಎಂದೇ ನನ್ನ ಸಲಹೆ.

ಪರವಾನಗಿಯ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಮೂರು ಚಕ್ರಕ್ಕೆ ಕಾರಿನ ಪರವಾನಗಿಯೇ ಸಾಕು. ಬೇರೆ ಕಡೆ ಮೋಟರ್‌ಸೈಕಲ್ ಪರವಾನಗಿ ಕೇಳಬಹುದು, ನಿಮ್ಮ ರಾಜ್ಯದ್ದನ್ನು ನೋಡಿಕೊಳ್ಳಿ.

[ದೃಶ್ಯ: ಡೀಲರ್ ಅಂಗಳ. ಇಬ್ಬರು ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದಾರೆ.]

ಡೀಲರ್ ಅಂಗಳದ ಸುತ್ತ ಹತ್ತು ನಿಮಿಷ ಓಡಿಸಿ ತೀರ್ಮಾನಿಸಬೇಡಿ. ಬೇಕಾದ ಮಾದರಿಯನ್ನು ಒಂದೆರಡು ದಿನ ಬಾಡಿಗೆಗೆ ತೆಗೆದುಕೊಳ್ಳಿ. ಸಂಗಾತಿಯನ್ನು ಕೂರಿಸಿಕೊಳ್ಳಿ, ಪ್ರಯಾಣಕ್ಕೆ ಒಯ್ಯುವಷ್ಟೇ ಸಾಮಾನು ತುಂಬಿಸಿ. ಇಳಿಜಾರಿನ ಜಲ್ಲಿ ಅಂಗಳದಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿ, ಹಿಮ್ಮುಖ ಗೇರಿನಲ್ಲಿ ಏರಿಸಿ ಹೊರಗೆ ತನ್ನಿ. ಮೊದಲ ದಿನ ನಿಮ್ಮ ಕೈಗಳು ಹೊಸದನ್ನು ಕಲಿಯುತ್ತಿರುತ್ತವೆ, ಆ ದಿನದ ಅಭಿಪ್ರಾಯವನ್ನು ಲೆಕ್ಕಕ್ಕೆ ಇಡಬೇಡಿ. ಎರಡನೆಯ ದಿನದ ಮಧ್ಯಾಹ್ನ ನಿಲ್ಲಿಸಿ, ಈ ಸೀಟಿನಲ್ಲಿ ಇನ್ನು ನೂರು ಮೈಲಿ ಕೂರುತ್ತೀಯಾ ಎಂದು ಹಿಂದೆ ಕುಳಿತವರನ್ನು ಮೊದಲು ಕೇಳಿ. ಅವರು ಬೇಡ ಎಂದರೆ ಯಾವ ಎಂಜಿನ್ ಕೂಡ ಆ ಮಾತನ್ನು ಬದಲಿಸುವುದಿಲ್ಲ.